ಪುಕ್ಕಟೆ ಕ್ಯಾಮೆರಾ ಪಾಠ: ಚಿಂಚಲಿಯಿಂದ ಕಂಡಂತೆ

ಬೆಳಗಾವಿ ಜಿಲ್ಲೆಯ ಚಿಂಚಲಿ, ಕುಡಚಿ, ರಾಯಬಾಗದ ಕಡೆ ಫೋಟೊ ತೆಗೆಯುವುದನ್ನು ಕಲಿಯಬೇಕೆಂದರೆ ಬಹುಕಾಲ ಇದ್ದದ್ದು ಒಂದೇ ದಾರಿ. ಯಾವುದಾದರೂ ಸ್ಟುಡಿಯೊ ಸೇರಬೇಕು. ಮೊದಮೊದಲು ಲೈಟು ಹಿಡಿದು ನಿಲ್ಲಬೇಕು, ವೈರು ಸುತ್ತಬೇಕು, ಬ್ಯಾಟರಿ ಚಾರ್ಜಿಗೆ ಹಾಕಬೇಕು. ಲಗ್ನಸರಾಯಿಯಲ್ಲಿ ಒಂದೇ ದಿನ ಎರಡು ಆರ್ಡರ್ ಬಿದ್ದು, ಮಾಲೀಕರು ಇನ್ನೊಂದು ಮಂಟಪಕ್ಕೆ ಓಡಿದ ದಿನ ಕ್ಯಾಮೆರಾ ಹುಡುಗನ ಕೈಗೆ ಬರುತ್ತಿತ್ತು. ಪಗಾರ ಅಷ್ಟಕ್ಕಷ್ಟೆ, ಕಲಿಯುವುದೇ ಪಗಾರ ಎಂಬ ಲೆಕ್ಕ. ಈ ಭಾಗದ ಊರೂರಲ್ಲಿ ಬೋರ್ಡು ಹಾಕಿಕೊಂಡು ಕೂತಿರುವ ಹಿರಿಯ ಫೋಟೊಗ್ರಾಫರುಗಳಲ್ಲಿ ಹೆಚ್ಚಿನವರು ಹೀಗೆ ಪಳಗಿದವರು. ಅವರ ಕಲಿಕೆಯಲ್ಲಿ ಓದು ಕಡಿಮೆ, ಬೈಗುಳ ಹೆಚ್ಚು. ಆದರೆ ಒಂದು ಮಾತ್ರ ತಪ್ಪುತ್ತಿರಲಿಲ್ಲ: ತೆಗೆದ ಫೋಟೊವನ್ನು ಬಲ್ಲವರೊಬ್ಬರು ಕೈಯಲ್ಲಿ ಹಿಡಿದು ‘ಇದು ಯಾಕ ಹಿಂಗಾತು?’ ಎಂದು ಕೇಳುತ್ತಿದ್ದರು.

ಈಗ ಕಲಿಯುವ ಆಸೆಯಿದ್ದವರ ಮೊಬೈಲಿಗೇ ಪಾಠ ಬಂದು ಬೀಳುತ್ತದೆ. ‘ಉಚಿತ ಲೈವ್ ವರ್ಕ್‌ಶಾಪ್, ಸೀಟುಗಳು ಸೀಮಿತ’ ಎಂಬ ಬಣ್ಣದ ಪೋಸ್ಟರು ವಾಟ್ಸ್ಆ್ಯಪಿನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತಿರುತ್ತದೆ. ಮದುವೆಯ ಕ್ಯಾಂಡಿಡ್, ಮೊಬೈಲ್ ಫೋಟೊಗ್ರಫಿ, ಹಕ್ಕಿ, ತಿಂಡಿ ತಿನಿಸು, ಲೈಟ್‌ರೂಮು, ಹೀಗೆ ಏನು ಬೇಕೋ ಅದು. ಇಂಥ ಪಾಠಗಳು ಒಳ್ಳೆಯವೋ ಕೆಟ್ಟವೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಬೆಂಗಳೂರಿಗೆ ಹೋಗಬೇಕೆಂದರೆ ರಾಯಬಾಗದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯೆಲ್ಲ ಕೂರಬೇಕಾದ ಊರಿನಲ್ಲಿ, ಈ ಪಾಠಗಳಿಂದ ನಿಜಕ್ಕೂ ಯಾರಿಗೆ ಏನು ದಕ್ಕಿದೆ ಎಂದು ನೋಡಬೇಕು.

ಈ ಪದ್ಧತಿಯ ಮೂಲ ಅಮೆರಿಕದ ಸಿಯಾಟಲ್‌ನಲ್ಲಿದೆ. 2010ರಲ್ಲಿ ಚೇಸ್ ಜಾರ್ವಿಸ್ ಎಂಬ ಫೋಟೊಗ್ರಾಫರ್ ಮತ್ತು ಕ್ರೇಗ್ ಸ್ವಾನ್ಸನ್ ಸೇರಿ ಕ್ರಿಯೇಟಿವ್‌ಲೈವ್ ಶುರುಮಾಡಿದರು. ಅದರ ವ್ಯವಹಾರ ಬಲು ಸರಳವಾಗಿತ್ತು. ಪಾಠ ನಡೆಯುವಾಗಲೇ ಕೂತು ನೋಡಿದರೆ ಕಾಸಿರಲಿಲ್ಲ. ಆಮೇಲೆ ಬೇಕಾದಾಗ ನೋಡುತ್ತೇನೆ ಎಂದರೆ ದುಡ್ಡು ಕೊಡಬೇಕಿತ್ತು. ಅಲ್ಲಿ ಬಿಕರಿಗೆ ಇಟ್ಟದ್ದು ಪಾಠವನ್ನಲ್ಲ, ಅನುಕೂಲವನ್ನು. ನಮ್ಮಲ್ಲಿ ಈ ಗಾಳಿ ಬೀಸಿದ್ದು ತಡವಾಗಿ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಹಳ್ಳಿಯ ಹುಡುಗರ ಕೈಗೆ ವಿಡಿಯೊ ಬಂತು. 2020ರ ಮಾರ್ಚಿನ ಲಾಕ್‌ಡೌನ್ ಉಳಿದದ್ದನ್ನು ಮಾಡಿತು. ಅಮೆರಿಕದ ವೃತ್ತಿನಿರತ ಫೋಟೊಗ್ರಾಫರುಗಳ ಸಂಘ ತನ್ನ ಸಾವಿರಕ್ಕೂ ಹೆಚ್ಚು ಪಾಠಗಳನ್ನು ಎರಡು ವಾರ ಪುಕ್ಕಟೆ ಬಿಟ್ಟಿತು. ನಿಕಾನ್ ಕಂಪನಿ ಅಮೆರಿಕದ ತನ್ನ ಆನ್‌ಲೈನ್ ಶಾಲೆಯನ್ನು ಆ ಏಪ್ರಿಲ್ ತಿಂಗಳಿಡೀ ಉಚಿತ ಮಾಡಿತು. ಇಲ್ಲಿಯೂ ಕ್ಯಾಮೆರಾ ಕಂಪನಿಗಳು, ಹೆಸರಾಂತ ಫೋಟೊಗ್ರಾಫರುಗಳು, ಕ್ಲಬ್ಬುಗಳು ಸಾಲುಗಟ್ಟಿ ಲೈವ್ ಬಂದವು. ಮುಹೂರ್ತಗಳೆಲ್ಲ ರದ್ದಾಗಿ ಮನೆಯಲ್ಲಿ ಕೂತಿದ್ದ ಲಗ್ನದ ಫೋಟೊಗ್ರಾಫರುಗಳು ಕೇಳಿಸಿಕೊಂಡರು. ಬೇರೆ ಕೆಲಸ ತಾನೆ ಏನಿತ್ತು?

ಆ ಕಾಲ ಕಳೆದ ಮೇಲೂ ಪಾಠಗಳು ನಿಲ್ಲಲಿಲ್ಲ, ಏಕೆಂದರೆ ಅವುಗಳ ಹಿಂದೆ ಲೆಕ್ಕಾಚಾರವಿದೆ. ಕ್ಯಾಮೆರಾ ಕಂಪನಿ ನಡೆಸುವ ಪಾಠದಲ್ಲಿ ಹೊಸ ಬಾಡಿ, ಹೊಸ ಲೆನ್ಸು ಮುಖ್ಯ ಪಾತ್ರಧಾರಿಗಳು. ಇದರಲ್ಲಿ ಮೋಸವೇನಿಲ್ಲ, ಅಂಗಡಿಯವರು ಚಹಾ ಕೊಟ್ಟು ಕೂರಿಸಿದರೆ ಸೀರೆ ತೋರಿಸುತ್ತಾರೆಂದು ಎಲ್ಲರಿಗೂ ಗೊತ್ತು. ತೊಂದರೆ ಇರುವುದು ಇನ್ನೊಂದು ಬಗೆಯದರಲ್ಲಿ. ಎರಡು ತಾಸಿನ ಪಾಠದ ಮೊದಲ ಅರ್ಧ ತಾಸು ಗುರುಗಳ ಆತ್ಮಕಥೆ. ನಡುವೆ ಅಪರ್ಚರ್, ಶಟರ್, ಐಎಸ್ಒ ಎಂಬ ಮೂರರ ಪರಿಚಯ. ಕೊನೆಗೆ ಪರದೆಯ ಮೇಲೆ ಗಡಿಯಾರ ಓಡತೊಡಗುತ್ತದೆ: ಇಷ್ಟು ಸಾವಿರದ ಕೋರ್ಸು ಇವತ್ತೊಂದಿನ ಮಾತ್ರ ಇಷ್ಟಕ್ಕೆ. ಪ್ರಶ್ನೆ ಕೇಳುವ ಜಾಗದಲ್ಲಿ ದುಡ್ಡು ಕಟ್ಟುವ ಲಿಂಕು. ಇದನ್ನು ಲೈವ್ ಎಂದು ಕರೆಯುವುದೂ ಎಷ್ಟೋ ಸಲ ಸುಳ್ಳು; ಮೊದಲೇ ಚಿತ್ರೀಕರಿಸಿಟ್ಟದ್ದನ್ನು ಹೊತ್ತು ಗೊತ್ತುಮಾಡಿ ಹರಿಬಿಟ್ಟಿರುತ್ತಾರೆ. ಪರೀಕ್ಷೆ ಮಾಡುವುದು ಸುಲಭ. ನಿಮ್ಮ ಹೆಸರು ಹಿಡಿದು ಒಂದು ಪ್ರಶ್ನೆಗೆ ಉತ್ತರ ಬಂತೇ? ಬರಲಿಲ್ಲವೆಂದರೆ ಅದು ಯೂಟ್ಯೂಬ್ ವಿಡಿಯೊ. ಅದಕ್ಕಾಗಿ ಸಂಜೆಯ ಕೆಲಸ ಬಿಟ್ಟು ಕೂರಬೇಕಾಗಿಲ್ಲ, ಫೋನ್ ನಂಬರ್ ಕೊಡಬೇಕಾಗಿಯೂ ಇಲ್ಲ.

ಮೂರನೆಯ ಬಗೆ ಕ್ಲಬ್ಬುಗಳದು, ಅದರ ಬೇರು ಹಳೆಯದು. ಭಾರತದ ಫೋಟೊಗ್ರಫಿ ಕ್ಲಬ್ಬುಗಳ ಒಕ್ಕೂಟ 1953ರಲ್ಲಿ ಹುಟ್ಟಿತು. ಅದನ್ನು ಕಟ್ಟಿ ಬೆಳೆಸಿದವರು ಡಾ. ಜಿ. ಥಾಮಸ್. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರದು. ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ದೇಶದಲ್ಲೇ ದೊಡ್ಡ ಹೆಸರು ಬಂದದ್ದು ಈ ವಾತಾವರಣದಿಂದ. ಟಿ.ಎನ್.ಎ. ಪೆರುಮಾಳ್ (1932–2017) ಅವರಿಗೆ ದಾರಿ ತೋರಿದವರು ಒ.ಸಿ. ಎಡ್ವರ್ಡ್ಸ್, ಪೆರುಮಾಳರಿಂದ ತಿದ್ದಿಸಿಕೊಂಡವರು ಎರಡು ಮೂರು ತಲೆಮಾರು. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಾಡಿನಲ್ಲಿ ಮಾತ್ರ ಕ್ಯಾಮೆರಾ ಹಿಡಿದ ವಿದ್ಯಾರ್ಥಿ. ಇವರ್ಯಾರೂ ಕಾಲೇಜಿನಲ್ಲಿ ಫೋಟೊಗ್ರಫಿ ಓದಿದವರಲ್ಲ. ಪ್ರಿಂಟು ಮಾಡಿಸಿ ಗೋಡೆಗೆ ಹಚ್ಚಿ, ಹತ್ತು ಜನ ನಿಂತು ನೋಡಿ, ‘ಬಲಗಡೆಯ ಕೊಂಬೆ ಯಾಕೆ ಬೇಕಿತ್ತು’ ಎಂದು ಜಗಳಾಡಿ ಕಲಿತವರು. ಇಂಗ್ಲೆಂಡಿನಲ್ಲಂತೂ ಹತ್ತೊಂಬತ್ತನೇ ಶತಮಾನದ ಕೊನೆಗೇ ಅಂಚೆಯ ಫೋಟೊ ಕ್ಲಬ್ಬುಗಳಿದ್ದವು. ಸದಸ್ಯರ ಪ್ರಿಂಟುಗಳ ಕಟ್ಟು ಅಂಚೆಯಲ್ಲಿ ಊರೂರು ಸುತ್ತುತ್ತಿತ್ತು, ಪ್ರತಿಯೊಬ್ಬರೂ ತಮ್ಮ ಟೀಕೆ ಬರೆದು ಮುಂದಕ್ಕೆ ಕಳಿಸುತ್ತಿದ್ದರು. ದೂರದಿಂದ ಕಲಿಯುವುದು ಹೊಸದಲ್ಲ. ತಿದ್ದುವ ಕೆಲಸ ಬಿಟ್ಟು ಹೇಳುವ ಕೆಲಸವನ್ನಷ್ಟೇ ಇಟ್ಟುಕೊಂಡದ್ದು ಹೊಸದು.

ನಮ್ಮ ಭಾಗದ ಕಲ್ಲು, ಗುಮ್ಮಟಗಳನ್ನು ಕ್ಯಾಮೆರಾ ನೋಡಿದ್ದೇನೂ ತಡವಾಗಿ ಅಲ್ಲ. 1855ರಲ್ಲೇ ಮುಂಬಯಿ ಸರಕಾರ ಬಿಗ್ಸ್ ಎಂಬ ತೋಪಖಾನೆಯ ಅಧಿಕಾರಿಯನ್ನು ವಿಜಾಪುರದ ಕಟ್ಟಡಗಳ ಫೋಟೊ ತೆಗೆಯಲು ನೇಮಿಸಿತ್ತು. ಪಕ್ಕದ ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ ಮೊದಲ ಮಹಾಯುದ್ಧದ ಹೊತ್ತಿಗೆ ಸಿನಿಮಾ ಕ್ಯಾಮೆರಾವನ್ನೇ ತಮ್ಮ ಕೈಯಾರೆ ಕಟ್ಟಿದರು. ಆದರೆ ಕ್ಲಬ್ಬು, ಪ್ರದರ್ಶನ, ಚರ್ಚೆ ಎಂಬುದು ಬೆಂಗಳೂರು ಮೈಸೂರುಗಳಲ್ಲೇ ಉಳಿಯಿತು. ಚಿಂಚಲಿಯ ಹುಡುಗನಿಗೆ ಬೆಳಗಾವಿಗಿಂತ ಮೀರಜ್ ಹತ್ತಿರ. ಬೆಂಗಳೂರಿನ ರವಿವಾರದ ಚರ್ಚೆ ಅವನಿಗೆ ಸಿಕ್ಕುವಂತಿರಲಿಲ್ಲ. ಆನ್‌ಲೈನ್ ಪಾಠ ಈ ದೂರವನ್ನು ನಿಜಕ್ಕೂ ಕಡಿಮೆ ಮಾಡಿದೆ. ಇದನ್ನು ಒಪ್ಪಲೇಬೇಕು.

ಇನ್ನೂ ಒಂದನ್ನು ಒಪ್ಪಬೇಕು. ನಮ್ಮೂರ ಸ್ಟುಡಿಯೊಗಳಲ್ಲಿ ಕೆಲಸ ಕಲಿಯಲು ಹೆಣ್ಣುಮಕ್ಕಳನ್ನು ಇಟ್ಟುಕೊಂಡದ್ದು ಅಪರೂಪ. ಅಪರಾತ್ರಿಯವರೆಗೆ ಮಂಟಪದಲ್ಲಿ ನಿಲ್ಲುವ, ನಸುಕಿನಲ್ಲಿ ಟೆಂಪೊದಲ್ಲಿ ಮರಳುವ ಕೆಲಸಕ್ಕೆ ಮಗಳನ್ನು ಕಳಿಸಲು ಮನೆಯವರು ಒಪ್ಪುವುದಿಲ್ಲ. ಮನೆಯಲ್ಲೇ ಕೂತು ಲೈಟಿನ ಕೋನ, ಎಡಿಟಿಂಗು, ಆಲ್ಬಮ್ ವಿನ್ಯಾಸ ಕಲಿಯುವ ದಾರಿಯನ್ನು ಲೈವ್ ಪಾಠಗಳು ತೆರೆದಿವೆ. ಸ್ಟುಡಿಯೊಗಳು ಕೊಡದ ಪ್ರವೇಶವನ್ನು ಮೊಬೈಲು ಕೊಟ್ಟಿದೆ.

ಭಾಷೆಯ ವಿಷಯದಲ್ಲಿ ಗಡಿಭಾಗದವರಿಗೆ ಬೇರೆಯವರಿಗಿಲ್ಲದ ಒಂದು ಲಾಭವಿದೆ. ಇಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ ಸಲೀಸು. ಇಂಗ್ಲಿಷ್ ಪಾಠ ತಲೆಗೆ ಹತ್ತದಿದ್ದರೆ ಪುಣೆಯವರ ಮರಾಠಿ ಪಾಠ ಹತ್ತುತ್ತದೆ. ಕನ್ನಡದಲ್ಲಿ ರೆಕಾರ್ಡ್ ಮಾಡಿದ ವಿಡಿಯೊಗಳಿಗೇನೂ ಬರವಿಲ್ಲ. ಕೂತು ಪ್ರಶ್ನೆ ಕೇಳಬಹುದಾದ ಕನ್ನಡದ ಲೈವ್ ಪಾಠ ಹುಡುಕಬೇಕಾಗುತ್ತದೆ. ಕರ್ನಾಟಕದ ಹುಡುಗನೊಬ್ಬ ಕ್ಯಾಮೆರಾ ಕಲಿಯಲು ಮರಾಠಿಗೆ ಹೋಗುವುದು ತಪ್ಪೇನಲ್ಲ, ಆದರೆ ಕನ್ನಡದ ಬಲ್ಲವರು ಇದನ್ನು ಗಮನಿಸಿದರೆ ಒಳ್ಳೆಯದು.

ಇನ್ನು ಕೊರತೆಗಳು. ಮೊದಲನೆಯದು ಪರದೆಯದೇ. ಲೈವ್ ವಿಡಿಯೊ ಎಂದರೆ ಹಿಂಡಿ ಚಿಕ್ಕದಾಗಿಸಿದ ವಿಡಿಯೊ. ಕತ್ತಲ ಭಾಗದ ಕಾಳು, ಬಿಳಿ ಸೀರೆಯ ಮಡಿಕೆಯಲ್ಲಿ ಉಳಿದ ಅಥವಾ ಕಳೆದುಹೋದ ವಿವರ, ಲೆನ್ಸಿನ ಚೂಪು, ಇವೇ ಮೊದಲು ನಾಶವಾಗುವುದು. ಗುರುಗಳು ‘ಐಎಸ್ಒ 800ಕ್ಕೂ 6400ಕ್ಕೂ ವ್ಯತ್ಯಾಸ ನೋಡಿ’ ಎನ್ನುತ್ತಾರೆ. ಆರು ಇಂಚಿನ ಮೊಬೈಲಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕೇಳುಗ ಹೌದೆಂದು ತಲೆಯಾಡಿಸುತ್ತಾನೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನಲ್ಲಿ ಎರಡು ತಾಸಿನ ಎಚ್‌ಡಿ ಪಾಠ ಮುಗಿಯುವಷ್ಟರಲ್ಲಿ ಡೇಟಾನೂ ಮುಗಿದಿರುತ್ತದೆ. ಕರೆಂಟು ಹೋದರೆ ವೈಫೈ ಹೋಯಿತು.

ಎರಡನೆಯದು ಪಾಠ ಹುಟ್ಟಿದ ಜಾಗದ್ದು. ಇದಕ್ಕೊಂದು ಉದಾಹರಣೆ ಸಾಕು. ಅಮೆರಿಕದಲ್ಲಿ ಕರೆಂಟು ಸೆಕೆಂಡಿಗೆ 60 ಆವರ್ತ, ನಮ್ಮಲ್ಲಿ 50. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬುಗಳು ಅಲ್ಲಿ ಸೆಕೆಂಡಿಗೆ 120 ಸಲ ಮಿಣುಕಿದರೆ ಇಲ್ಲಿ 100 ಸಲ. ಹಾಗಾಗಿ ಅಲ್ಲಿಯ ಗುರು ಒಳಾಂಗಣದ ವಿಡಿಯೊಕ್ಕೆ ‘1/60 ಅಥವಾ 1/120 ಇಡಿ’ ಎಂದರೆ, ನಮ್ಮ ಮಂಗಲ ಕಾರ್ಯಾಲಯದ ಸಾಲುದೀಪದ ಕೆಳಗೆ ಅದೇ ಸಂಖ್ಯೆಗೆ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಓಡುತ್ತವೆ. ಇಲ್ಲಿ ಬೇಕಾದದ್ದು 1/50 ಅಥವಾ 1/100. ವಿಡಿಯೊಕ್ಕೆ ಸೆಕೆಂಡಿಗೆ 30 ಫ್ರೇಮಿನ ಬದಲು 25. ಕ್ಯಾಮೆರಾ ಕೆಟ್ಟಿದೆ ಎಂದು ರಿಪೇರಿಗೆ ಒಯ್ಯುವ ಮೊದಲು ಇಷ್ಟು ಹೇಳುವವರು ಬೇಕು. ಲೆನ್ಸಿನ ಮಾತೂ ಹೀಗೆಯೇ. ಗುರುಗಳ ಲೆನ್ಸು ಎಫ್ 1.4, ಕಲಿಯುವವನ ಹತ್ತಿರ ಇರುವುದು ಸೆಕೆಂಡ್‌ಹ್ಯಾಂಡ್ ಬಾಡಿ ಜೊತೆ ಬಂದ 18–55, ಅದು ಜೂಮ್ ಮಾಡಿದಾಗ ಎಫ್ 5.6. ಬೆಳಕಿನ ಲೆಕ್ಕದಲ್ಲಿ ಇವೆರಡರ ನಡುವೆ ಹದಿನಾರು ಪಟ್ಟು ಅಂತರ. ಹಿನ್ನೆಲೆ ಮಸುಕು ಮಾಡುವ ಪಾಠ ಕೇಳಿ ಅವನು ಕಲಿಯುವುದು ತನ್ನ ಲೆನ್ಸಿನ ಬಗ್ಗೆ ನಾಚಿಕೆಪಡುವುದನ್ನು ಮಾತ್ರ.

ಎಲ್ಲಕ್ಕಿಂತ ದೊಡ್ಡ ಕೊರತೆ ಮೂರನೆಯದು: ನಮ್ಮೆದುರಿಗೆ ಇರುವ ವಸ್ತುವಿನ ಬಗ್ಗೆ ಯಾರೂ ಪಾಠ ಮಾಡುವುದಿಲ್ಲ. ಮಾಘ ಮಾಸದ ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕ ದೇವಿಯ ಜಾತ್ರೆ. ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರದಿಂದ, ನಮ್ಮ ಜಿಲ್ಲೆಗಳಿಂದ ಲಕ್ಷಗಟ್ಟಲೆ ಜನ ಬರುತ್ತಾರೆ. ಚಕ್ಕಡಿ ಹೂಡಿಕೊಂಡು ಬರುವವರು ಈಗಲೂ ಇದ್ದಾರೆ. ಡೊಳ್ಳಿನ ನಾದ, ‘ಚಾಂಗಭಲ’ ಘೋಷ, ಎತ್ತ ನೋಡಿದರೂ ಭಂಡಾರ, ಅಂದರೆ ಭಕ್ತರು ತೂರುವ ಅರಿಸಿನ ಪುಡಿ. ಫೋಟೊಗ್ರಾಫರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗದು, ಇದಕ್ಕಿಂತ ಕಠಿಣ ಪರೀಕ್ಷೆಯೂ ಸಿಗದು.

ಭಂಡಾರ ಮುಗಿಲಿಗೆ ಹಾರಿದ ಕ್ಷಣ ಕ್ಯಾಮೆರಾ ನಾಲ್ಕು ಕಡೆ ಮೋಸಹೋಗುತ್ತದೆ. ಬಿಸಿಲಲ್ಲಿ ಹೊಳೆಯುವ ಹಳದಿಯನ್ನು ಕಂಡು ಮೀಟರು ಬೆಳಕು ಹೆಚ್ಚಾಯಿತೆಂದು ಕಡಿಮೆ ಮಾಡುತ್ತದೆ, ಜನರ ಮುಖ ಕಪ್ಪಾಗುತ್ತದೆ. ಮುಖಕ್ಕೆಂದು ಬೆಳಕು ಏರಿಸಿದರೆ ಹಳದಿಯ ಕೆಂಪು ಚಾನೆಲ್ ಮಿತಿ ಮೀರಿ, ಪುಡಿಯೆಲ್ಲ ಬಣ್ಣ ಬಳಿದ ಹಾಗೆ ಸಪಾಟಾಗುತ್ತದೆ. ಸಾಮಾನ್ಯ ಹಿಸ್ಟೊಗ್ರಾಮಿನಲ್ಲಿ ಇದು ಗೊತ್ತಾಗುವುದಿಲ್ಲ, ಮೂರು ಬಣ್ಣದ ಹಿಸ್ಟೊಗ್ರಾಮ್ ತೆರೆದು ನೋಡಬೇಕು. ಆಟೊ ವೈಟ್ ಬ್ಯಾಲನ್ಸು ಇಷ್ಟೊಂದು ಹಳದಿ ಇರಲಾರದು ಎಂದು ತಾನೇ ತೀರ್ಮಾನಿಸಿ ನೀಲಿಯ ಕಡೆ ಎಳೆಯುತ್ತದೆ, ಭಂಡಾರದ ಮೈ ಬೂದಿ ಬಳಿದಂತೆ ಕಾಣುತ್ತದೆ. ವೈಟ್ ಬ್ಯಾಲನ್ಸನ್ನು ಬಿಸಿಲಿನ ಗುರುತಿಗೆ ಕಟ್ಟಿಹಾಕಬೇಕು. ಆಟೊಫೋಕಸ್ ಮುಂದಿನ ಪುಡಿಯ ಪರದೆಗೆ ಕಚ್ಚಿಕೊಂಡು ಹಿಂದಿನ ಡೊಳ್ಳಿನವನನ್ನು ಮಸುಕು ಮಾಡುತ್ತದೆ. ಒಂದೇ ಬಿಂದು ಆರಿಸಿ ಅವನ ಮುಖದ ಮೇಲೆ ಇಡಬೇಕು. ಶಟರು 1/1000ಕ್ಕಿಂತ ಕೆಳಗಿಳಿದರೆ ಪುಡಿಯ ಕಣಗಳು ಗೆರೆಗಳಾಗುತ್ತವೆ. ಗೆರೆಗಳೇ ಬೇಕು ಎನ್ನುವವರಿಗೆ 1/60 ಇದೆ. ಜಾತ್ರೆಯ ನಡುವೆ ಲೆನ್ಸು ಬದಲಿಸಲೇಬಾರದು. ಕ್ಯಾಮೆರಾದ ಮೈಗೆ ಪ್ಲಾಸ್ಟಿಕ್ ಚೀಲ, ಲೆನ್ಸಿನ ಸುತ್ತ ರಬ್ಬರ್ ಬ್ಯಾಂಡು, ಇಷ್ಟಿದ್ದರೆ ಸಾಕು. ಹತ್ತು ಉಚಿತ ವರ್ಕ್‌ಶಾಪಿನಲ್ಲಿ ಸಿಗದ ಈ ತಿಳಿವಳಿಕೆ ಹತ್ತು ವರ್ಷ ಜಾತ್ರೆ ಮಾಡಿದ ನಮ್ಮೂರ ಫೋಟೊಗ್ರಾಫರಿಗೆ ಇದೆ. ಅವರನ್ನು ಯಾರೂ ಲೈವಿಗೆ ಕರೆದಿಲ್ಲ.

ಲಗ್ನದಲ್ಲೂ ಹಾಗೆ. ಅಂತರಪಟ ಸರಿದು ಅಕ್ಕಿಕಾಳು ಬೀಳುವ ಹೊತ್ತು ಕೆಲವೇ ಸೆಕೆಂಡು. ಎದುರಿಗೆ ಮಾವಂದಿರು, ಪಕ್ಕದಲ್ಲಿ ಭಟ್ಟರು, ಹಿಂದೆ ಮೊಬೈಲು ಎತ್ತಿ ಹಿಡಿದ ನೂರು ಕೈ. ಖಾಲಿ ಕಡಲತೀರದಲ್ಲಿ ಜೋಡಿಯನ್ನು ನಿಲ್ಲಿಸಿ ತೆಗೆದ ಪಾಠ ಇಲ್ಲಿ ಅರ್ಧವೂ ನಡೆಯುವುದಿಲ್ಲ. ನೀತಿಯ ಪಾಠಕ್ಕೂ ಇದೇ ಮಾತು. ನ್ಯೂಯಾರ್ಕಿನ ಬೀದಿಯ ಫೋಟೊಗ್ರಾಫರ್ ‘ಸಾರ್ವಜನಿಕ ಜಾಗದಲ್ಲಿ ಯಾರ ಅನುಮತಿಯೂ ಬೇಡ’ ಎನ್ನಬಹುದು. ಮಾಯಕ್ಕನ ಗುಡಿಯ ಮುಂದೆ ಮೈಮೇಲೆ ದೇವರು ಬಂದ ಹೆಣ್ಣುಮಗಳ ಮುಖಕ್ಕೆ ಲೆನ್ಸು ಹಿಡಿಯುವ ಮೊದಲು ಅವಳ ಜೊತೆ ಬಂದವರನ್ನು ಕೇಳಬೇಕು. ‘ಬ್ಯಾಡ್ರಿ’ ಅಂದರೆ ಕ್ಯಾಮೆರಾ ಇಳಿಸಬೇಕು. ಕೇಳದೆ ತೆಗೆದ ಫೋಟೊ ಸಂಜೆಯೊಳಗೆ ಅವಳ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಬಂದಿರುತ್ತದೆ ಎಂಬುದು ನೆನಪಿರಲಿ.

ಪುಕ್ಕಟೆ ಎಂದರೆ ಆನ್‌ಲೈನೇ ಆಗಬೇಕೆಂದಿಲ್ಲ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ 1982ರಲ್ಲಿ ಉಜಿರೆಯಲ್ಲಿ ಕಟ್ಟಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಕೇಂದ್ರ ಸರಕಾರ ಜಿಲ್ಲೆಗೊಂದರಂತೆ ಆರ್‌ಸೆಟಿ ತರಬೇತಿ ಕೇಂದ್ರಗಳನ್ನು ತೆರೆಸಿದೆ. ಅವುಗಳ ಪಟ್ಟಿಯಲ್ಲಿ ಫೋಟೊಗ್ರಫಿ–ವಿಡಿಯೊಗ್ರಫಿಯ 30 ದಿನಗಳ ಕೋರ್ಸು ಇದೆ. ಊಟ, ವಸತಿ, ಪಾಠ ಎಲ್ಲ ಉಚಿತ. ಮುಗಿದ ಮೇಲೆ ಬ್ಯಾಂಕ್ ಸಾಲಕ್ಕೆ ದಾರಿ ಮಾಡಿಕೊಡುತ್ತಾರೆ, ಎರಡು ವರ್ಷ ವಿಚಾರಿಸಿಕೊಳ್ಳುತ್ತಾರೆ. ಎಲ್ಲ ಕೇಂದ್ರಗಳಲ್ಲೂ ಎಲ್ಲ ಹೊತ್ತಿನಲ್ಲೂ ಈ ಕೋರ್ಸು ನಡೆಯುವುದಿಲ್ಲ. ಕೇಳಿ ಹೆಸರು ಹಚ್ಚಬೇಕು. ಹೊಟ್ಟೆಪಾಡಿಗೆ ಕ್ಯಾಮೆರಾ ಹಿಡಿಯುವವರಿಗೆ ನೂರು ಲೈವ್ ಪಾಠಗಳಿಗಿಂತ ಆ ಒಂದು ತಿಂಗಳು ಹೆಚ್ಚು ಬೆಲೆಯದು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಕೈ ತಪ್ಪಿದರೆ ಕೈ ಹಿಡಿದು ತಿದ್ದುವವರಿರುತ್ತಾರೆ.

ಹಾಗೆಂದು ಲೈವ್ ಪಾಠವನ್ನು ತಳ್ಳಿಹಾಕುವಂತಿಲ್ಲ. ನಡೆಸುವವರು ಬಗೆ ಬದಲಿಸಬೇಕು. ಐನೂರು ಜನರನ್ನು ಕೂಡಿಸಿ ಎರಡು ತಾಸು ಉಪನ್ಯಾಸ ಕೊಡುವುದಕ್ಕಿಂತ ಇಪ್ಪತ್ತು ಜನರ ಒಂದೊಂದು ಫೋಟೊ ಮೊದಲೇ ತರಿಸಿಕೊಂಡು ಬರೀ ಅವನ್ನೇ ತಿದ್ದುವುದು ಮೇಲು. ಬೇರೆಯವರ ಫೋಟೊದ ತಪ್ಪು ಕೇಳುತ್ತಾ ತನ್ನದು ತಾನೇ ಕಾಣತೊಡಗುತ್ತದೆ. ಜೂಮ್ ಪುಕ್ಕಟೆ ಕೊಡುವ 40 ನಿಮಿಷವೇ ಇದಕ್ಕೆ ಸಾಕಾದೀತು. ಕಲಿಯುವವರೂ ಒಂದು ಪಟ್ಟು ಹಿಡಿಯಬೇಕು: ತಮ್ಮ ಫೋಟೊ ನೋಡದ ಗುರುವಿನ ಎರಡನೇ ಪಾಠಕ್ಕೆ ಹೋಗಬಾರದು.

ರಾಯಬಾಗ, ಅಥಣಿ, ಚಿಕ್ಕೋಡಿ, ನಿಪ್ಪಾಣಿ, ಕಾಗವಾಡದ ಫೋಟೊಗ್ರಾಫರ್ ಸಂಘದವರಿಗೆ ಒಂದು ಬಿನ್ನಹ. ಪುಷ್ಯದಲ್ಲಿ ಲಗ್ನಗಳಿರುವುದಿಲ್ಲ, ಕ್ಯಾಮೆರಾಗಳು ಬ್ಯಾಗಿನಲ್ಲೇ ಇರುತ್ತವೆ. ಆ ತಿಂಗಳ ನಾಲ್ಕು ರವಿವಾರ ರಾತ್ರಿ ಒಂಬತ್ತಕ್ಕೆ ಕನ್ನಡದಲ್ಲಿ ಲೈವ್ ಬನ್ನಿ. ಜಾತ್ರೆ ತೆಗೆದು ಪಳಗಿದ ನಿಮ್ಮ ಹಿರಿಯರನ್ನೇ ಕೂರಿಸಿ, ಭಂಡಾರದ ಬೆಳಕನ್ನು ಅವರ ಬಾಯಲ್ಲೇ ಹೇಳಿಸಿ. ಮಾಘದಲ್ಲಿ ಜಾತ್ರೆ ಮುಗಿದ ಮರುವಾರ ಹುಡುಗ ಹುಡುಗಿಯರು ತೆಗೆದ ಫೋಟೊ ತರಿಸಿಕೊಂಡು, ಒಂದೊಂದನ್ನೂ ಪರದೆಗೆ ಹಾಕಿ ತಿದ್ದಿ. ಇದಕ್ಕೆ ಪ್ರಾಯೋಜಕರು ಬೇಡ, ಪ್ರಮಾಣಪತ್ರವೂ ಬೇಡ. ಒಂದು ಮೊಬೈಲು, ಒಂದು ಲಿಂಕು ಇದ್ದರೆ ಬರುವ ಪುಷ್ಯಕ್ಕೇ ಶುರುಮಾಡಬಹುದು.